ಪಾಲು ಬರೆಯುವ ಮೊದಲು: ಜೊತೆಗೂಡಿ ಉದ್ದಿಮೆ ತೆರೆಯುವ ಗೆಳೆಯರಿಗೆ ಬಹಿರಂಗ ಪತ್ರ



ಓದು ಮುಗಿಸಿ, ಬೆಂಗಳೂರಿನ ಬಸ್ಸು ಹತ್ತದೆ, ದಾವಣಗೆರೆ, ಹಾವೇರಿ, ಹುಬ್ಬಳ್ಳಿ, ಶಿವಮೊಗ್ಗಗಳಲ್ಲೇ ಇಬ್ಬರೋ ಮೂವರೋ ಸೇರಿ ಏನಾದರೂ ಕಟ್ಟೋಣ ಎಂದು ಹೊರಟಿರುವ ನಿಮಗೆಲ್ಲ ಈ ಪತ್ರ. ನಿಮ್ಮಲ್ಲಿ ರೊಟ್ಟಿ, ಚಟ್ನಿಪುಡಿ ಪ್ಯಾಕ್ ಮಾಡಿ ಮಾರುವವರಿದ್ದೀರಿ, ಶಾಲೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವವರಿದ್ದೀರಿ, ಹೊಲಗಳಿಗೆ ಸೋಲಾರ್ ಪಂಪ್ ಕೂರಿಸುವವರಿದ್ದೀರಿ. ನಮ್ಮ ಊರುಗಳಲ್ಲಿ ನಾಲ್ಕು ಜನಕ್ಕೆ ಕೆಲಸ ಹುಟ್ಟುವುದು ಇನ್ನು ಮುಂದೆ ನಿಮ್ಮಂಥವರಿಂದಲೇ ಎಂದು ನಂಬಿದವನು ನಾನು. ಆದ್ದರಿಂದಲೇ, ಮಾರುಕಟ್ಟೆಯಲ್ಲಿ ಚೆನ್ನಾಗಿ ನಡೆಯುತ್ತಿದ್ದ ಉದ್ದಿಮೆಯೊಂದು ಗೆಳೆಯರ ನಡುವಿನ ಲೆಕ್ಕ ಹರಿಯದೆ ಬಾಗಿಲು ಹಾಕಿದಾಗ ನನಗೆ ತುಂಬ ಸಂಕಟವಾಗುತ್ತದೆ.

ಈ ಭಾಗದಲ್ಲಿ ಆಡಿಟರ್ ಆಗಿ ಕೆಲಸ ಮಾಡುವವನು ನಾನು. ನಿಮ್ಮಂಥವರು ಕಚೇರಿಗೆ ಬಂದು ಕುಳಿತ ಕೂಡಲೇ ಕೇಳುವುದು, "ಸರ್, ಪ್ರೈವೇಟ್ ಲಿಮಿಟೆಡ್ ಮಾಡಿಸೋಕೆ ಎಷ್ಟಾಗುತ್ತೆ?" ಅದಾದ ಮೇಲೆ, "ಯಾವುದರಲ್ಲಿ ಟ್ಯಾಕ್ಸ್ ಕಮ್ಮಿ?" ಎರಡೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಅವಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಎರಡು ಪ್ರಶ್ನೆಗಳಿವೆ. ನಷ್ಟವಾದರೆ ಸಾಲ ಕೊಟ್ಟವರು ಯಾರ ಮನೆ ಬಾಗಿಲಿಗೆ ಬರುತ್ತಾರೆ? ನಮ್ಮಲ್ಲೊಬ್ಬರು ಬಿಟ್ಟು ಹೋಗುತ್ತೇನೆ ಎಂದಾಗ, ಇಲ್ಲವೇ ತೀರಿಕೊಂಡಾಗ, ಏನಾಗುತ್ತದೆ? ಇವಕ್ಕೆ ಉತ್ತರ ಸಿಕ್ಕರೆ ಪ್ರೊಪ್ರೈಟರ್‌ಶಿಪ್, ಪಾಲುದಾರಿಕೆ, ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ), ಪ್ರೈವೇಟ್ ಲಿಮಿಟೆಡ್ ಇವುಗಳಲ್ಲಿ ಯಾವುದು ನಿಮಗೆ ಹೊಂದುತ್ತದೆ ಎಂಬುದು ಮುಕ್ಕಾಲು ಪಾಲು ತಾನಾಗಿ ತೀರ್ಮಾನವಾಗುತ್ತದೆ.

ಒಂದು ಕಲ್ಪಿತ ಉದಾಹರಣೆ ಇಟ್ಟುಕೊಂಡು ಮಾತಾಡೋಣ. ಮೂವರು ಗೆಳೆಯರು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಬೆಂಗಳೂರಿನ ಅಂಗಡಿಗಳಿಗೆ ಕಳಿಸುತ್ತಾರೆ. ಒಬ್ಬ ಅಪ್ಪನಿಂದ ಐದು ಲಕ್ಷ ತಂದು ಹಾಕಿದ್ದಾನೆ. ಇನ್ನೊಬ್ಬನ ಮನೆಯವರು ಊರ ಹೊರಗಿನ ತಮ್ಮ ಶೆಡ್ ಬಿಟ್ಟುಕೊಟ್ಟಿದ್ದಾರೆ. ಮೂರನೆಯವಳು ಕೈಯಿಂದ ಕಾಸು ಹಾಕಿಲ್ಲ, ಆದರೆ ನಸುಕಿನಿಂದ ರಾತ್ರಿಯವರೆಗೆ ಕೆಲಸ ನಡೆಸುವವಳು ಅವಳೇ. ಕಾಗದ ಪತ್ರ ಏನೂ ಇಲ್ಲ. "ಮೊದಲು ನಡೀಲಿ, ಆಮೇಲೆ ನೋಡೋಣ" ಎಂದು ಮಾತಾಗಿದೆ.

ತಾವಿನ್ನೂ ಯಾವ ಸಂಸ್ಥೆಯನ್ನೂ ಕಟ್ಟಿಲ್ಲ ಎಂದು ಈ ಮೂವರು ಅಂದುಕೊಂಡಿರುತ್ತಾರೆ. ಕಾನೂನಿನ ಕಣ್ಣಿಗೆ ಅವರು ಆಗಲೇ ಪಾಲುದಾರರು. ಭಾರತೀಯ ಪಾಲುದಾರಿಕೆ ಕಾಯ್ದೆ 1932ರದು. ಎಲ್ಲರೂ ಸೇರಿ, ಅಥವಾ ಎಲ್ಲರ ಪರವಾಗಿ ಕೆಲವರು, ನಡೆಸುವ ವ್ಯವಹಾರದ ಲಾಭವನ್ನು ಹಂಚಿಕೊಳ್ಳಲು ಒಪ್ಪಿದವರ ಸಂಬಂಧವೇ ಪಾಲುದಾರಿಕೆ ಎಂದು ಅದು ಹೇಳುತ್ತದೆ. ಒಪ್ಪಂದ ಬಾಯಿಮಾತಿನದಾದರೂ ಸಾಕು. ನೀವು ಬರೆದುಕೊಳ್ಳದೆ ಬಿಟ್ಟ ಜಾಗವನ್ನೆಲ್ಲ ಆ ಕಾಯ್ದೆಯೇ ತುಂಬುತ್ತದೆ. ಹೇಗೆ ತುಂಬುತ್ತದೆ ನೋಡಿ: ಲಾಭ ಮೂವರಿಗೂ ಸಮ, ನಷ್ಟವೂ ಸಮ. ಐದು ಲಕ್ಷ ಹಾಕಿದವನ ಬಂಡವಾಳಕ್ಕೆ ಬಡ್ಡಿ ಇಲ್ಲ. ಬಂಡವಾಳದ ಮೇಲೆ ಹೆಚ್ಚುವರಿಯಾಗಿ ಕೊಟ್ಟ ಹಣಕ್ಕೆ ಮಾತ್ರ ವರ್ಷಕ್ಕೆ ಶೇಕಡಾ 6. ಹಗಲಿರುಳು ದುಡಿಯುವವಳಿಗೆ ಸಂಬಳ ಕೇಳುವ ಹಕ್ಕಿಲ್ಲ. ಮೂವರನ್ನೂ ಕೂರಿಸಿ ಕೇಳಿದರೆ ಇದು ನ್ಯಾಯ ಎಂದು ಒಬ್ಬರೂ ಹೇಳಲಾರರು. ಆದರೂ ಬರೆದುಕೊಳ್ಳದ ತಪ್ಪಿಗೆ ಅವರು ಒಪ್ಪಿಕೊಂಡಿರುವುದು ಇದನ್ನೇ.

ನಷ್ಟದ ವಿಷಯ ಇನ್ನೂ ಕಠಿಣ. ಪಾಲುದಾರಿಕೆಯಲ್ಲಿ ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬರೂ ಜಂಟಿಯಾಗಿಯೂ ಬಿಡಿಯಾಗಿಯೂ ಹೊಣೆ. ಶೇಂಗಾ ಕೊಟ್ಟ ವ್ಯಾಪಾರಿಗೆ ಆರು ಲಕ್ಷ ಬಾಕಿ ಇದ್ದರೆ, ತಲಾ ಎರಡು ಲಕ್ಷದಂತೆ ಮೂವರ ಬೆನ್ನು ಹತ್ತುವ ಕಷ್ಟ ಅವನಿಗಿಲ್ಲ. ಮೂವರಲ್ಲಿ ಯಾರ ಹೆಸರಿನಲ್ಲಿ ಆಸ್ತಿ ಇದೆಯೋ ಅವರೊಬ್ಬರಿಂದಲೇ ಪೂರ್ತಿ ವಸೂಲು ಮಾಡಬಹುದು. ಉಳಿದಿಬ್ಬರಿಂದ ತಮ್ಮ ಪಾಲು ಪಡೆಯುವುದು ಆ ಗೆಳೆಯನ ತಲೆನೋವು.

ಪಾಲುದಾರಿಕೆಯೇ ಬೇಡ ಎನ್ನುತ್ತಿಲ್ಲ. ನಮ್ಮ ಮಂಡಿಗಳು, ಬಟ್ಟೆ ಅಂಗಡಿಗಳು, ಹೋಟೆಲುಗಳು ತಲೆಮಾರುಗಳ ಕಾಲ ಬಾಳಿದ್ದು ಈ ರೂಪದಲ್ಲೇ. ನಂಬಿಕೆ ಗಟ್ಟಿಯಾಗಿದ್ದು, ಸಾಲ ಕಡಿಮೆಯಿದ್ದು, ವ್ಯವಹಾರ ಸರಳವಾಗಿದ್ದರೆ ಇಂದಿಗೂ ಅದು ಒಳ್ಳೆಯದೇ. ಆದರೆ ಪಾಲುದಾರಿಕೆ ಪತ್ರ ಬರೆಸಿ, ಸಂಸ್ಥೆಯನ್ನು ನೋಂದಾಯಿಸಿ. ನೋಂದಣಿ ಕಡ್ಡಾಯವಲ್ಲ ಎಂದು ಯಾರಾದರೂ ಹೇಳಬಹುದು, ಅದು ನಿಜವೂ ಹೌದು. ಆದರೆ ಅದೇ ಕಾಯ್ದೆಯ 69ನೇ ಕಲಮಿನ ಪ್ರಕಾರ, ನೋಂದಣಿಯಾಗದ ಸಂಸ್ಥೆ ಕರಾರಿನ ಹಕ್ಕನ್ನು ಹಿಡಿದು ಹೊರಗಿನವರ ಮೇಲೆ ದಾವೆ ಹೂಡುವಂತಿಲ್ಲ. ನಿಮ್ಮ ಮಾಲು ತೆಗೆದುಕೊಂಡು ದುಡ್ಡು ಕೊಡದ ಅಂಗಡಿಯವನ ಮೇಲೆ ನೀವು ಕೋರ್ಟಿಗೆ ಹೋಗಲಾರಿರಿ, ಅವನು ನಿಮ್ಮ ಮೇಲೆ ಹೋಗಬಲ್ಲ. ಇಲ್ಲೊಂದು ಗೊಂದಲವನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ಪ್ಯಾನ್ ಬಂತು, ಜಿಎಸ್‌ಟಿ ನಂಬರ್ ಬಂತು, ಉದ್ಯಮ್ ಸರ್ಟಿಫಿಕೇಟ್ ಬಂತು, ಹಾಗಾಗಿ ನಮ್ಮದು ರಿಜಿಸ್ಟರ್ಡ್ ಸಂಸ್ಥೆ ಎಂದು ಜನ ತಿಳಿದುಕೊಳ್ಳುತ್ತಾರೆ. ಅವು ಯಾವುವೂ ಪಾಲುದಾರಿಕೆ ಕಾಯ್ದೆಯಡಿಯ ನೋಂದಣಿಯಲ್ಲ. ಅದು ಸಂಸ್ಥೆಗಳ ರಿಜಿಸ್ಟ್ರಾರ್ ಹತ್ತಿರ ಪ್ರತ್ಯೇಕವಾಗಿ ಆಗಬೇಕು.

ಸಾವಿನ ಮಾತು ಗೆಳೆಯರ ನಡುವೆ ಎತ್ತುವುದು ಕಷ್ಟ ಎಂದು ಗೊತ್ತು. ಆದರೂ ಎತ್ತಲೇಬೇಕು. ಪತ್ರದಲ್ಲಿ ಬೇರೆ ರೀತಿ ಬರೆಯದಿದ್ದರೆ, ಒಬ್ಬ ಪಾಲುದಾರ ತೀರಿಕೊಂಡ ದಿನವೇ ಸಂಸ್ಥೆ ವಿಸರ್ಜನೆಯಾಗುತ್ತದೆ. ಮೂವರಿದ್ದರೆ "ಉಳಿದವರು ಮುಂದುವರಿಸತಕ್ಕದ್ದು" ಎಂಬ ಒಂದು ಸಾಲು ಬರೆದು ಇದನ್ನು ತಡೆಯಬಹುದು. ಇಬ್ಬರೇ ಇದ್ದರೆ ಆ ಸಾಲೂ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಉಳಿದ ಒಬ್ಬನೇ ಪಾಲುದಾರಿಕೆ ಆಗಲಾರ. ಸೇಠ್ ಗೋವಿಂದರಾಮ್ ಸಕ್ಕರೆ ಕಾರ್ಖಾನೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1965ರಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿದೆ. ಇಬ್ಬರು ಗೆಳೆಯರ ಪಾಲುದಾರಿಕೆಯಲ್ಲಿ ಒಬ್ಬ ರಸ್ತೆ ಅಪಘಾತದಲ್ಲಿ ಹೋದ ಎಂದುಕೊಳ್ಳಿ. ಬದುಕಿ ಉಳಿದವನು ಗೆಳೆಯನನ್ನು ಕಳೆದುಕೊಂಡ ದುಃಖದ ನಡುವೆಯೇ ಲೆಕ್ಕ ತೀರಿಸಿ, ಹೊಸ ಜಿಎಸ್‌ಟಿ, ಹೊಸ ಆಹಾರ ಪರವಾನಗಿಗಾಗಿ ಓಡಾಡಬೇಕಾಗುತ್ತದೆ.

ಬಿಟ್ಟು ಹೋಗುವವರೂ ಕೇಳಿಸಿಕೊಳ್ಳಿ. ಪುಣೆಯಲ್ಲಿ ಕೆಲಸ ಸಿಕ್ಕಿತು, "ನೀವೇ ನಡೆಸಿಕೊಳ್ಳಿ" ಎಂದು ಕೈಕುಲುಕಿ ಹೋದರೆ ಹೊಣೆ ಅಲ್ಲಿಗೆ ಮುಗಿಯುವುದಿಲ್ಲ. ನಿವೃತ್ತಿಯ ಬಗ್ಗೆ ಸಾರ್ವಜನಿಕ ಸೂಚನೆ ಕೊಡುವವರೆಗೆ, ನಿಮ್ಮನ್ನು ಪಾಲುದಾರ ಎಂದು ನಂಬಿ ಸಂಸ್ಥೆಯ ಜೊತೆ ವ್ಯವಹರಿಸಿದವರಿಗೆ ನೀವೂ ಉತ್ತರ ಹೇಳಬೇಕು. ನೋಂದಾಯಿತ ಸಂಸ್ಥೆಯಾದರೆ ರಿಜಿಸ್ಟ್ರಾರ್‌ಗೆ ತಿಳಿಸಬೇಕು, ರಾಜ್ಯಪತ್ರದಲ್ಲೂ ಆ ಜಿಲ್ಲೆಯಲ್ಲಿ ಓದುವ ಒಂದು ದೇಶಭಾಷಾ ಪತ್ರಿಕೆಯಲ್ಲೂ ಪ್ರಕಟಿಸಬೇಕು. ಜಿಎಸ್‌ಟಿ ಇಲಾಖೆಗೆ ಒಂದು ತಿಂಗಳೊಳಗೆ ಲಿಖಿತವಾಗಿ ತಿಳಿಸದಿದ್ದರೆ, ತಿಳಿಸಿದ ದಿನದವರೆಗಿನ ತೆರಿಗೆಗೆ ನಿಮ್ಮ ಹೊಣೆ ಮುಂದುವರಿಯುತ್ತದೆ. ಪೇಪರಿನ ಒಳಪುಟದ ಆ ಚಿಕ್ಕ ಜಾಹೀರಾತಿನ ಖರ್ಚು ಉಳಿಸಲು ಹೋಗಬೇಡಿ.

ಇನ್ನು ಪ್ರೊಪ್ರೈಟರ್‌ಶಿಪ್. ನೀವು ಒಬ್ಬರೇ ಇದ್ದು, ಸಾಲ ದೊಡ್ಡದಲ್ಲದಿದ್ದರೆ ಇದರಲ್ಲೇ ಆರಂಭಿಸಿ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಆದಾಯ ನಿಮ್ಮ ವೈಯಕ್ತಿಕ ಸ್ಲ್ಯಾಬ್‌ನಲ್ಲೇ ತೆರಿಗೆಗೆ ಬರುತ್ತದೆ. ಮಾರಾಟ ಎರಡು ಕೋಟಿಯೊಳಗಿದ್ದರೆ ಅದರ ಶೇಕಡಾ 8ನ್ನು, ಬ್ಯಾಂಕ್ ಅಥವಾ ಡಿಜಿಟಲ್ ಮೂಲಕ ಬಂದ ಭಾಗಕ್ಕೆ ಶೇಕಡಾ 6ನ್ನು, ಲಾಭ ಎಂದು ತೋರಿಸಿ ತೆರಿಗೆ ಕಟ್ಟುವ ಸುಲಭ ದಾರಿಯಿದೆ. ಪಾಲುದಾರಿಕೆಗೂ ಈ ದಾರಿ ಉಂಟು, ಎಲ್‌ಎಲ್‌ಪಿಗೂ ಕಂಪನಿಗೂ ಇಲ್ಲ. ಕೆಲಸ ಕೈಗೂಡದಿದ್ದರೆ ಮುಚ್ಚುವುದೂ ಸುಲಭ. ಉದ್ಯಮ್ ನೋಂದಣಿ ಸರ್ಕಾರದ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ ಎಂಬುದು ನೆನಪಿರಲಿ. ಅದಕ್ಕೆ ಶುಲ್ಕ ಕೇಳುವ ಜಾಲತಾಣ ಸರ್ಕಾರದ್ದಲ್ಲ.

ಆದರೆ ನಮ್ಮೂರುಗಳಲ್ಲಿ ನಡೆಯುವ ಇನ್ನೊಂದು ಪದ್ಧತಿ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಮೂವರು ಸೇರಿ ದುಡಿಯುತ್ತಾರೆ, ಕಾಗದದ ಮೇಲೆ ಮಾತ್ರ ಒಬ್ಬನ ಪ್ರೊಪ್ರೈಟರ್‌ಶಿಪ್. ಮುದ್ರಾ ಸಾಲ ಬೇಗ ಸಿಗುತ್ತದೆ ಎಂದೋ, ಯಾರೋ ಒಬ್ಬರ ಹೆಸರಿನಲ್ಲಿ ಸಬ್ಸಿಡಿ ಬರುತ್ತದೆ ಎಂದೋ ಹೀಗೆ ಮಾಡುತ್ತಾರೆ. ಉದ್ದಿಮೆ ಬೆಳೆದರೆ ಉಳಿದಿಬ್ಬರ ಕೈಯಲ್ಲಿ ತಮ್ಮ ಪಾಲಿಗೆ ಪುರಾವೆ ಇರುವುದಿಲ್ಲ. ಮುಳುಗಿದರೆ ಸಾಲ, ತೆರಿಗೆ, ನೋಟಿಸುಗಳೆಲ್ಲ ಆ ಒಬ್ಬನ ತಲೆಗೆ. ಗೆದ್ದರೂ ಸೋತರೂ ಯಾರಿಗಾದರೂ ಅನ್ಯಾಯವಾಗುವ ಏರ್ಪಾಡು ಇದು. ದಯವಿಟ್ಟು ಇದಕ್ಕೆ ಒಪ್ಪಬೇಡಿ.

"ಲಿಮಿಟೆಡ್" ಎಂದರೆ ಹೊಣೆಗೆ ಮಿತಿ. ಇದನ್ನು ಗಟ್ಟಿ ಮಾಡಿದ ತೀರ್ಪನ್ನು ಹುಡುಕಿದರೆ ಲಂಡನ್ನಿನ ಒಬ್ಬ ಬೂಟು ವ್ಯಾಪಾರಿ ಸಿಗುತ್ತಾನೆ. ವೈಟ್‌ಚಾಪೆಲ್‌ನ ಆರನ್ ಸಾಲೊಮನ್ 1892ರಲ್ಲಿ ತನ್ನ ಸ್ವಂತ ವ್ಯಾಪಾರವನ್ನು ಕಂಪನಿಯಾಗಿ ಮಾಡಿದ. 20,007 ಷೇರುಗಳಲ್ಲಿ 20,001 ಅವನವೇ, ಹೆಂಡತಿಗೂ ಐದು ಮಕ್ಕಳಿಗೂ ಒಂದೊಂದು. ಕಂಪನಿ ಬೇಗನೆ ಮುಳುಗಿತು. ಕಂಪನಿ ಎಂಬುದು ಸಾಲೊಮನ್‌ನ ಇನ್ನೊಂದು ಹೆಸರಷ್ಟೇ, ಸಾಲವನ್ನು ಅವನೇ ತೀರಿಸಲಿ ಎಂದು ವಾದ ಬಂತು. ಕೆಳಗಿನ ನ್ಯಾಯಾಲಯಗಳು ಅದನ್ನು ಒಪ್ಪಿದವು. 1896ರಲ್ಲಿ ಹೌಸ್ ಆಫ್ ಲಾರ್ಡ್ಸ್ ಒಪ್ಪಲಿಲ್ಲ. ಸರಿಯಾಗಿ ನೋಂದಣಿಯಾದ ಮೇಲೆ ಕಂಪನಿ ಬೇರೆಯೇ ಒಬ್ಬ ವ್ಯಕ್ತಿ, ಅದರ ಸಾಲ ಅದರದು ಎಂದಿತು. ಭಾರತದ ಕೋರ್ಟುಗಳೂ ಕಂಪನಿ ಕಾನೂನನ್ನು ಈ ತಳಹದಿಯ ಮೇಲೆಯೇ ನಡೆಸಿಕೊಂಡು ಬಂದಿವೆ.

ಈ ರಕ್ಷಣೆ ನಿಜ. ಶೇಂಗಾ ವ್ಯಾಪಾರಿಯ ಬಾಕಿ, ಗೋದಾಮಿನ ಬಾಡಿಗೆ, ಮಾಲು ಸರಿಯಿಲ್ಲ ಎಂದು ಗಿರಾಕಿ ಕೇಳುವ ಪರಿಹಾರ ಇವೆಲ್ಲ ಸಾಮಾನ್ಯವಾಗಿ ಕಂಪನಿಯ ಆಸ್ತಿಯ ಮಟ್ಟಿಗೆ ನಿಲ್ಲುತ್ತವೆ, ನಿಮ್ಮ ಮನೆಯವರೆಗೆ ಬರುವುದಿಲ್ಲ. ಆದರೆ ಈ ಮಾತನ್ನು ಹೇಳಿ ಸುಮ್ಮನಾಗುವವರು ನಿಮಗೆ ಪೂರ್ತಿ ಸತ್ಯ ಹೇಳುತ್ತಿಲ್ಲ. ಬ್ಯಾಂಕು ಸಾಲ ಕೊಡುವಾಗ ನಿರ್ದೇಶಕರಿಂದ ವೈಯಕ್ತಿಕ ಜಾಮೀನು ಬರೆಸಿಕೊಳ್ಳುತ್ತದೆ. ಸಹಿ ಹಾಕಿದ ದಿನವೇ, ಆ ಸಾಲದ ಮಟ್ಟಿಗೆ, ನಿಮ್ಮ ಮಿತಿ ಹೋಯಿತು. ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಗಿ ಅದರ ಲೆಕ್ಕ ಇತ್ಯರ್ಥವಾದ ಮಾತ್ರಕ್ಕೆ ಜಾಮೀನುದಾರರು ಬಿಡುಗಡೆಯಾಗುವುದಿಲ್ಲ ಎಂದು ಲಲಿತ್ ಕುಮಾರ್ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಕಂಪನಿಯಿಂದ ವಸೂಲಾಗದ ಜಿಎಸ್‌ಟಿಯನ್ನು ಪ್ರೈವೇಟ್ ಕಂಪನಿಯ ನಿರ್ದೇಶಕರಿಂದ ವಸೂಲು ಮಾಡಬಹುದು, ತಮ್ಮ ಘೋರ ನಿರ್ಲಕ್ಷ್ಯ ಅದಕ್ಕೆ ಕಾರಣವಲ್ಲ ಎಂದು ತೋರಿಸಿಕೊಡುವ ಭಾರ ನಿರ್ದೇಶಕರ ಮೇಲೆಯೇ ಇದೆ. ಆದಾಯ ತೆರಿಗೆಯಲ್ಲೂ ಹೀಗೆಯೇ. ಕಂಪನಿಯ ಚೆಕ್ ಬೌನ್ಸ್ ಆದರೆ ಸಹಿ ಮಾಡಿದವರು ಕ್ರಿಮಿನಲ್ ಕೇಸು ಎದುರಿಸಬೇಕಾಗುತ್ತದೆ. ಬ್ಯಾಂಕ್ ಸಾಲವೇ ನಿಮ್ಮ ದೊಡ್ಡ ಸಾಲವಾದರೆ, ಲಿಮಿಟೆಡ್ ಎಂಬ ಪದ ನಿಮ್ಮನ್ನು ನೀವು ನೆನೆಸಿದಷ್ಟು ಕಾಯುವುದಿಲ್ಲ.

ಆ ಅರೆ ರಕ್ಷಣೆಗೆ ಕೊಡುವ ಬೆಲೆಯನ್ನೂ ನೋಡಿ. ಪ್ರೈವೇಟ್ ಲಿಮಿಟೆಡ್ ಆರಂಭಿಸುವುದು ಈಗ ಅಗ್ಗ. ಕನಿಷ್ಠ ಒಂದು ಲಕ್ಷ ಬಂಡವಾಳ ಇರಬೇಕೆಂಬ ನಿಯಮ 2015ರಲ್ಲೇ ಹೋಯಿತು. ಅಧಿಕೃತ ಬಂಡವಾಳ 15 ಲಕ್ಷದೊಳಗಿದ್ದರೆ ಕೇಂದ್ರದ ನೋಂದಣಿ ಶುಲ್ಕವೂ ಇಲ್ಲ; ಮುದ್ರಾಂಕ, ಡಿಜಿಟಲ್ ಸಹಿ, ವೃತ್ತಿಪರರ ಶುಲ್ಕ ಅಷ್ಟೇ. ಖರ್ಚೆಲ್ಲ ಆಮೇಲಿನದು. ಒಂದು ರೂಪಾಯಿ ವ್ಯಾಪಾರ ಆಗದಿದ್ದರೂ ವರ್ಷ ವರ್ಷ ಆಡಿಟ್ ಆಗಬೇಕು. ಷೇರು ಹಣ ಬಂದಿದೆ ಎಂಬ ಘೋಷಣೆಯನ್ನು 180 ದಿನಗಳೊಳಗೆ ಸಲ್ಲಿಸದೆ ವ್ಯಾಪಾರ ಆರಂಭಿಸುವಂತಿಲ್ಲ. ಲೆಕ್ಕಪತ್ರಕ್ಕೊಂದು, ವಾರ್ಷಿಕ ವಿವರಕ್ಕೊಂದು ಫಾರಂ ಪ್ರತಿ ವರ್ಷ ಹೋಗಬೇಕು. ತಡವಾದರೆ ಒಂದೊಂದಕ್ಕೂ ದಿನಕ್ಕೆ 100 ರೂಪಾಯಿ, ಅದಕ್ಕೆ ಮೇಲ್ಮಿತಿ ಇಲ್ಲ. ಎರಡೂ ಒಂದು ವರ್ಷ ತಡವಾದರೆ 73,000 ರೂಪಾಯಿ. ಆ ವರ್ಷ ನಿಮ್ಮ ಲಾಭವೇ ಅಷ್ಟಿರಲಿಕ್ಕಿಲ್ಲ. ಸತತ ಮೂರು ವರ್ಷ ಸಲ್ಲಿಸದಿದ್ದರೆ ನಿರ್ದೇಶಕರು ಐದು ವರ್ಷ ಅನರ್ಹರು. 2017ರಲ್ಲಿ ಕೇಂದ್ರ ಸರ್ಕಾರ ಎರಡು ಲಕ್ಷಕ್ಕೂ ಹೆಚ್ಚು ಕಂಪನಿಗಳ ಹೆಸರನ್ನು ಹೊಡೆದುಹಾಕಿ, ಮೂರು ಲಕ್ಷಕ್ಕೂ ಹೆಚ್ಚು ನಿರ್ದೇಶಕರನ್ನು ಅನರ್ಹಗೊಳಿಸಿತು. ಹೀಗೆ ಅನರ್ಹರಾದವರಲ್ಲಿ ಮೋಸಗಾರರ ಜೊತೆಗೆ, ಒಂದು ಉಮೇದಿನಲ್ಲಿ ಕಂಪನಿ ತೆರೆದು, ನಡೆಯದೆ ಹೋದಾಗ ಮುಚ್ಚುವ ಕಾಗದ ಹಾಕದೆ ಮರೆತವರೂ ಇದ್ದರು.

ಊರ ಕಡೆಯ ರೂಢಿಗೂ ಕಂಪನಿ ಕಾನೂನಿಗೂ ಹೊಂದದ ಒಂದು ಜಾಗ ಕೈಸಾಲ. ಕಷ್ಟಕ್ಕೆ ಪಕ್ಕದ ಅಂಗಡಿಯ ಅಣ್ಣನಿಂದ ಎರಡು ಲಕ್ಷ ತಂದು ವ್ಯಾಪಾರಕ್ಕೆ ಹಾಕುವುದು ನಮಗೆ ಸಹಜ. ಪ್ರೊಪ್ರೈಟರ್ ಇದನ್ನು ಮಾಡಬಹುದು, ಬ್ಯಾಂಕ್ ಮೂಲಕ ಬಂದರೆ ಸಾಕು. ಆದರೆ ಕಂಪನಿ ಹೊರಗಿನವರಿಂದ ಹೀಗೆ ಸಾಲ ಪಡೆದರೆ ಅದು ಠೇವಣಿ ಎನಿಸಿಕೊಂಡು ಕಾಯ್ದೆ ಉಲ್ಲಂಘನೆಯಾಗುತ್ತದೆ. ನಿರ್ದೇಶಕರಾಗಲಿ ಅವರ ಸಂಬಂಧಿಕರಾಗಲಿ ಕೊಡಬಹುದು, ಅದೂ ಇದು ತಾವು ಸಾಲ ತಂದು ಕೊಟ್ಟ ಹಣವಲ್ಲ ಎಂದು ಬರೆದುಕೊಟ್ಟು. ಮಗಳ ಮದುವೆಗೆಂದು ಕಂಪನಿ ಖಾತೆಯಿಂದ ದುಡ್ಡು ತೆಗೆಯುವುದೂ ಹೀಗೆಯೇ ತೊಡಕಿನದು. ಕಂಪನಿ ತನ್ನ ನಿರ್ದೇಶಕರಿಗೆ ಸಾಲ ಕೊಡುವುದಕ್ಕೆ ನಿರ್ಬಂಧವಿದೆ, ದೊಡ್ಡ ಷೇರುದಾರರಿಗೆ ಕೊಟ್ಟ ಸಾಲವನ್ನು ಲಾಭಾಂಶ ಎಂದು ಹಿಡಿದು ತೆರಿಗೆ ಹಾಕುವ ಅವಕಾಶವೂ ಇದೆ.

ಹಾಗಾದರೆ ಪ್ರೈವೇಟ್ ಲಿಮಿಟೆಡ್ ಯಾರಿಗೆ? ಹೊರಗಿನ ಹೂಡಿಕೆದಾರರಿಂದ ಬಂಡವಾಳ ತರುವ ಖಚಿತ ಉದ್ದೇಶ ಇರುವವರಿಗೆ, ಕೆಲಸಗಾರರಿಗೆ ಷೇರಿನ ಆಯ್ಕೆ ಕೊಡಬೇಕೆನ್ನುವವರಿಗೆ, ಕಂಪನಿಯಾದರೆ ಮಾತ್ರ ಆರ್ಡರ್ ಎನ್ನುವ ದೊಡ್ಡ ಗಿರಾಕಿ ಇರುವವರಿಗೆ, ಲಾಭವನ್ನು ಮನೆಗೆ ಒಯ್ಯದೆ ವರ್ಷಗಟ್ಟಲೆ ಉದ್ದಿಮೆಯಲ್ಲೇ ಬೆಳೆಸುವವರಿಗೆ. ವಿಸಿಟಿಂಗ್ ಕಾರ್ಡಿನಲ್ಲಿ "ಡೈರೆಕ್ಟರ್" ಎಂದು ಹಾಕಿಸಿಕೊಳ್ಳುವ ಆಸೆಗೆ ಇಷ್ಟೆಲ್ಲ ಹೊರೆ ಹೊರಬೇಡಿ.

ತೆರಿಗೆಯ ಮಾತನ್ನು ಇಲ್ಲೇ ಮುಗಿಸುತ್ತೇನೆ. ಪಾಲುದಾರಿಕೆಗೂ ಎಲ್‌ಎಲ್‌ಪಿಗೂ ಲಾಭದ ಮೇಲೆ ಶೇಕಡಾ 30ರ ನೇರ ದರ. ಕಂಪನಿ ರಿಯಾಯಿತಿಗಳನ್ನು ಬಿಟ್ಟುಕೊಟ್ಟರೆ ಶೇಕಡಾ 22, ಸರ್‌ಚಾರ್ಜ್, ಸೆಸ್ ಸೇರಿ 25ರ ಆಸುಪಾಸು. ಆದರೆ ಕಂಪನಿ ಹಂಚುವ ಲಾಭಾಂಶಕ್ಕೆ 2020ರಿಂದ ಷೇರುದಾರರು ಮತ್ತೆ ತೆರಿಗೆ ಕಟ್ಟಬೇಕು, ಪಾಲುದಾರರ ಕೈಸೇರಿದ ಲಾಭಕ್ಕೆ ಮತ್ತೆ ತೆರಿಗೆ ಇಲ್ಲ. ಪಾಲುದಾರರ ಸಂಬಳವನ್ನು ಒಂದು ಮಿತಿಯವರೆಗೆ ಖರ್ಚಾಗಿಯೂ ತೋರಿಸಬಹುದು. ಸಣ್ಣ ಲಾಭದಲ್ಲಿ ಈ ವ್ಯತ್ಯಾಸ ಹೆಚ್ಚೇನೂ ಉಳಿಯುವುದಿಲ್ಲ. ದರಗಳು ಬಜೆಟ್‌ನಿಂದ ಬಜೆಟ್‌ಗೆ ಬದಲಾಗುತ್ತವೆ. ಬದಲಾಗುವ ದರಕ್ಕಾಗಿ ಬದಲಾಯಿಸಲು ಕಷ್ಟವಾದ ರೂಪವನ್ನು ಆರಿಸಬೇಡಿ.

ಬದಲಾಯಿಸುವ ವಿಷಯದಲ್ಲೊಂದು ಮುಖ್ಯ ಮಾತಿದೆ. ಪಾಲುದಾರಿಕೆಯಿಂದ, ಎಲ್‌ಎಲ್‌ಪಿಯಿಂದ ಕಂಪನಿಗೆ ಹೋಗಲು ದಾರಿಯಿದೆ. ಹಿಂದಕ್ಕೆ ಬರುವುದು ಕಷ್ಟ. ಕಂಪನಿಯನ್ನು ತೆರಿಗೆಯ ಭಾರವಿಲ್ಲದೆ ಎಲ್‌ಎಲ್‌ಪಿ ಮಾಡಬೇಕಾದರೆ, ಹಿಂದಿನ ಮೂರು ವರ್ಷಗಳಲ್ಲಿ ಯಾವ ವರ್ಷವೂ ವಹಿವಾಟು 60 ಲಕ್ಷ ದಾಟಿರಬಾರದು ಎಂಬುದೂ ಒಂದು ಷರತ್ತು. ಹಗುರವಾದದ್ದರಿಂದ ಆರಂಭಿಸಿ ಭಾರದ್ದಕ್ಕೆ ಹೋಗಿ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ನಿಮ್ಮಲ್ಲಿ ಇಬ್ಬರು ಮೂವರು ಸೇರಿ, ಸ್ವಂತ ದುಡ್ಡಿನಲ್ಲಿ, ಹೊರಗಿನ ಹೂಡಿಕೆ ಇಲ್ಲದೆ ಆರಂಭಿಸುವ ಹೆಚ್ಚಿನವರಿಗೆ ನನ್ನ ಸಲಹೆ ಎಲ್‌ಎಲ್‌ಪಿ. 2008ರ ಕಾಯ್ದೆಯಿಂದ ಬಂದ ರೂಪ ಇದು. ಕಂಪನಿಯಂತೆ ಬೇರೆಯೇ ವ್ಯಕ್ತಿ, ಒಬ್ಬ ಪಾಲುದಾರ ಸತ್ತರೂ ತಾನು ಉಳಿಯುತ್ತದೆ. ಒಬ್ಬನ ತಪ್ಪಿಗೆ ಇನ್ನೊಬ್ಬನ ಮನೆ ಹೋಗುವುದಿಲ್ಲ, ತನ್ನ ಸ್ವಂತ ತಪ್ಪಿಗೆ ಮಾತ್ರ ತಾನು ಹೊಣೆ. ವಹಿವಾಟು 40 ಲಕ್ಷ, ಬಂಡವಾಳ 25 ಲಕ್ಷ ಈ ಎರಡರಲ್ಲಿ ಯಾವುದನ್ನೂ ದಾಟದಿದ್ದರೆ ಎಲ್‌ಎಲ್‌ಪಿ ಕಾಯ್ದೆಯ ಆಡಿಟ್ ಕಡ್ಡಾಯವಲ್ಲ. ವರ್ಷಕ್ಕೆ ಎರಡು ಫಾರಂ, ಒಂದು ಮೇ 30ರೊಳಗೆ, ಇನ್ನೊಂದು ಅಕ್ಟೋಬರ್ 30ರೊಳಗೆ. ಇಬ್ಬರಿರುವಾಗ ಒಬ್ಬರು ಬಿಟ್ಟು ಹೋದರೆ ಆರು ತಿಂಗಳೊಳಗೆ ಇನ್ನೊಬ್ಬರನ್ನು ಸೇರಿಸಿಕೊಳ್ಳಬೇಕು. ಆಮೇಲೂ ಒಬ್ಬರೇ ಎಂದು ಗೊತ್ತಿದ್ದೂ ವ್ಯವಹಾರ ನಡೆಸಿದರೆ ಆ ಅವಧಿಯ ಸಾಲಕ್ಕೆ ಅವರು ವೈಯಕ್ತಿಕವಾಗಿ ಹೊಣೆ.

ಎಲ್‌ಎಲ್‌ಪಿಯ ಜೀವ ಇರುವುದು ಒಪ್ಪಂದ ಪತ್ರದಲ್ಲಿ. ನೋಂದಣಿಯಾದ 30 ದಿನಗಳೊಳಗೆ ಅದನ್ನು ಸಲ್ಲಿಸಬೇಕು. ಒಪ್ಪಂದ ಏನನ್ನು ಹೇಳದೆ ಬಿಟ್ಟಿದೆಯೋ ಅಲ್ಲಿ ಕಾಯ್ದೆಯ ಮೊದಲ ಅನುಸೂಚಿ ಬಂದು ಕೂರುತ್ತದೆ, ಮತ್ತದೇ ಸಮಪಾಲು, ಮತ್ತದೇ ಸಂಬಳವಿಲ್ಲದ ದುಡಿಮೆ. ನೋಂದಣಿ ಮಾಡಿಕೊಡುವ ಕಡೆಗಳಲ್ಲಿ ಹೆಸರು, ವಿಳಾಸ ಮಾತ್ರ ಬದಲಾಯಿಸಿದ ಸಿದ್ಧ ಪತ್ರ ಕೊಡುತ್ತಾರೆ. ಅದಕ್ಕೆ ಸಹಿ ಹಾಕಬೇಡಿ. ನನ್ನ ವೃತ್ತಿಯವರು ಕೊಟ್ಟರೂ ಹಾಕಬೇಡಿ.

ಆ ಪತ್ರದಲ್ಲಿ ಏನಿರಬೇಕು? ರೊಟ್ಟಿ ಗೆಳೆಯರಿಗೇ ಮರಳೋಣ. ಅಪ್ಪನ ದುಡ್ಡು ತಂದವನದು ಬಂಡವಾಳವೋ ಸಾಲವೋ ಎಂದು ಮೊದಲು ಬರೆಯಬೇಕು, ಸಾಲವಾದರೆ ಬಡ್ಡಿ ಎಷ್ಟು, ಎಂದು ವಾಪಸು ಎಂಬುದನ್ನೂ. ಶೆಡ್ಡನ್ನು ಬಂಡವಾಳ ಎಂದು ತರಬಾರದು. ಹಾಗೆ ತಂದ ಆಸ್ತಿ ಸಂಸ್ಥೆಯದಾಗಿಬಿಡುತ್ತದೆ. ಮನೆಯವರು ಬಾಡಿಗೆ ಕರಾರು ಮಾಡಿಕೊಡಲಿ, ಬಾಡಿಗೆ ಕಡಿಮೆ ಇದ್ದರೂ ಚಿಂತೆಯಿಲ್ಲ. ದುಡಿಯುವವಳಿಗೆ ತಿಂಗಳಿಗೆ ಇಷ್ಟು ಸಂಬಳ ಎಂದು ನಮೂದಾಗಬೇಕು, ಆರಂಭದಲ್ಲಿ ಕೊಡಲಾಗದಿದ್ದರೆ ಬಾಕಿ ಎಂದು ಪುಸ್ತಕದಲ್ಲಿ ಬರೆದಿಡಬೇಕು. ಅವಳ ಪಾಲು ಒಂದೇ ದಿನ ಪೂರ್ತಿ ಬರದೆ, ನಾಲ್ಕು ವರ್ಷ ದುಡಿದಂತೆ ವರ್ಷಕ್ಕೆ ಕಾಲು ಭಾಗ ಗಟ್ಟಿಯಾಗುತ್ತ ಬರಲಿ. ಉಳಿದವರದೂ ಹಾಗೆಯೇ ಇರಲಿ, ಆಗ ಆರು ತಿಂಗಳಿಗೇ ಬಿಟ್ಟು ಹೋದವನು ಮೂರನೇ ಒಂದು ಪಾಲು ಕೇಳುವ ಸ್ಥಿತಿ ಬರುವುದಿಲ್ಲ. ಹೊರಗೆ ಹೋಗುವವನ ಪಾಲಿಗೆ ಬೆಲೆ ಕಟ್ಟುವ ಸೂತ್ರ ಈಗಲೇ ಇರಲಿ, ಹಣವನ್ನು ಎಷ್ಟು ಕಂತಿನಲ್ಲಿ ಕೊಡಬೇಕೆಂಬುದೂ. ಪ್ಯಾಕೆಟ್ಟಿನ ಮೇಲಿನ ಹೆಸರಿನ ಟ್ರೇಡ್‌ಮಾರ್ಕ್ ಸಂಸ್ಥೆಯ ಹೆಸರಿನಲ್ಲಿ ಆಗಬೇಕು, ಅರ್ಜಿ ಹಾಕಲು ಓಡಾಡಿದವನ ಹೆಸರಿನಲ್ಲಲ್ಲ.

ಕಂಪನಿಯನ್ನೇ ಆರಿಸುವವರು ಪಾಲಿನ ಅಂಕಿಗಳನ್ನು ಸುಮ್ಮನೆ ಹಾಕಬೇಡಿ. 34, 33, 33 ಎಂದು ಹಂಚಿಕೊಂಡ ಮೂವರಲ್ಲಿ ಯಾವ ಇಬ್ಬರು ಸೇರಿದರೂ ಸಾಧಾರಣ ನಿರ್ಣಯದಿಂದ ಮೂರನೆಯವರನ್ನು ನಿರ್ದೇಶಕ ಸ್ಥಾನದಿಂದ ತೆಗೆಯಬಹುದು. ಅದೇ ವೇಳೆಗೆ ವಿಶೇಷ ನಿರ್ಣಯಕ್ಕೆ ಮುಕ್ಕಾಲು ಭಾಗದ ಒಪ್ಪಿಗೆ ಬೇಕಾಗಿರುವುದರಿಂದ ಮೂವರಲ್ಲಿ ಯಾರೊಬ್ಬರು ಬೇಡವೆಂದರೂ ಅದು ನಿಲ್ಲುತ್ತದೆ. ಇಬ್ಬರೇ ಇದ್ದು 50-50 ಎಂದರೆ, ಜಗಳ ಬಂದ ದಿನ ಯಾವ ತೀರ್ಮಾನವೂ ಆಗದು. ಪಾಲುದಾರಿಕೆಯಲ್ಲಿ ಇದು ಬೇರೆ: ಪತ್ರದಲ್ಲಿ ಅಧಿಕಾರ ಕೊಟ್ಟಿರದಿದ್ದರೆ ಬಹುಮತದಿಂದ ಯಾರನ್ನೂ ಹೊರಹಾಕುವಂತಿಲ್ಲ, ಎಲ್ಲರ ಒಪ್ಪಿಗೆಯಿಲ್ಲದೆ ಹೊಸಬರನ್ನು ಸೇರಿಸುವಂತೆಯೂ ಇಲ್ಲ. ಗೆಳೆತನದ ಮೇಲೆ ನಿಂತ ಉದ್ದಿಮೆಗೆ ಈ ವ್ಯತ್ಯಾಸ ತೆರಿಗೆ ದರಕ್ಕಿಂತ ನೂರು ಪಾಲು ದೊಡ್ಡದು. ಷೇರಿಗೆ ನಾಮಿನಿ ಹಾಕಿದರೆ ಎಲ್ಲ ಮುಗಿಯಿತು ಎಂದೂ ತಿಳಿಯಬೇಡಿ. ನಾಮಿನಿ ಷೇರುಗಳ ಮಾಲೀಕನಲ್ಲ, ವಾರಸುದಾರರ ಹಕ್ಕೇ ಕೊನೆಯದು ಎಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ ಹೇಳಿದೆ.

ಒಬ್ಬರೇ ಇದ್ದೂ ಹೊಣೆಗೆ ಮಿತಿ ಬೇಕೆನ್ನುವವರಿಗೆ 2013ರ ಕಂಪನಿ ಕಾಯ್ದೆ ಒಬ್ಬನೇ ಸದಸ್ಯನ ಕಂಪನಿಯನ್ನು ತಂದಿದೆ, ಒಪಿಸಿ ಎನ್ನುತ್ತಾರೆ. ಹತ್ತಾರು ರೈತರು ಸೇರಿ ತಮ್ಮದೇ ಬೆಳೆ ಸಂಸ್ಕರಿಸುವುದಾದರೆ ಮೇಲಿನ ಯಾವುದೂ ಸರಿಯಲ್ಲ, ಉತ್ಪಾದಕರ ಕಂಪನಿ ಅಥವಾ ಸಹಕಾರ ಸಂಘದ ಕಡೆ ನೋಡಿ.

ಕೊನೆಯದಾಗಿ ನಿಮ್ಮ ಮನೆಯ ಹೆಣ್ಣುಮಕ್ಕಳ ವಿಷಯ. ಎರಡನೇ ನಿರ್ದೇಶಕರು ಬೇಕು ಎಂದು ಅಮ್ಮನ, ಹೆಂಡತಿಯ, ಅಕ್ಕನ ಹೆಸರು ಹಾಕುತ್ತೀರಿ. "ಹೆಸರಿಗಷ್ಟೇ, ಒಂದು ಸಹಿ ಹಾಕಮ್ಮ" ಎನ್ನುತ್ತೀರಿ. ಕಾನೂನಿನಲ್ಲಿ ಹೆಸರಿಗಷ್ಟೇ ಎಂಬ ನಿರ್ದೇಶಕರಿಲ್ಲ. ಫಾರಂ ಸಲ್ಲಿಸದಿದ್ದರೆ ಅನರ್ಹತೆ ಅವರಿಗೂ ಬರುತ್ತದೆ, ಜಿಎಸ್‌ಟಿ ನೋಟಿಸು ಅವರ ಹೆಸರಿಗೂ ಬರುತ್ತದೆ, ಬ್ಯಾಂಕಿನ ಜಾಮೀನು ಪತ್ರದಲ್ಲಿ ಅವರ ಸಹಿಯೂ ಇರುತ್ತದೆ. ಅವರ ಹೆಸರು ಹಾಕುವ ಮೊದಲು ಕುಳಿತು, ನಿಮ್ಮ ಮನೆಯ ಮಾತಿನಲ್ಲಿ, ಪ್ರತಿ ಕಾಗದವನ್ನೂ ಓದಿ ಹೇಳಿ. ಬೇಡ ಎಂದರೆ ಬಿಟ್ಟುಬಿಡಿ. ಒಪ್ಪಿದರೆ ಅವರಿಗೂ ನಿಜವಾದ ಪಾಲು ಬರೆಯಿರಿ, ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸಿ. ಅವರ ಡಿಜಿಟಲ್ ಸಹಿಯ ಟೋಕನ್ನೂ ಪಾಸ್‌ವರ್ಡೂ ಆಡಿಟರ್ ಕಚೇರಿಯ ಡ್ರಾಯರಿನಲ್ಲಿ ಬಿದ್ದಿರುವುದು ಬೇಡ. ಮನೆಗೆ ತಂದು ಅವರ ಕೈಗೇ ಕೊಡಿ, ಫಾರಂ ಸಲ್ಲಿಸುವ ದಿನ ಓದಿ ನೋಡಿ ಅವರೇ ಸಹಿ ಮಾಡಲಿ.

ಇಂತಿ ನಿಮ್ಮ ಹಿತೈಷಿ,
ದಾವಣಗೆರೆ ಭಾಗದ ಒಬ್ಬ ಆಡಿಟರ್